ಮಾತು ಕಡಿಮೆಯ ಮೇಸ್ತ್ರಿ

ನಮ್ಮ ಮೇಸ್ತ್ರಿಯ ಹುಬ್ಬು, ಗಡ್ಡದಲ್ಲಿ ಸದಾ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು. ಅದಕ್ಕೇ ಅವರ ಗಡ್ಡ ನಿಜವಾಗಿ ಯಾವಾಗ ಬೆಳ್ಳಗಾಯಿತೋ ನಮಗ್ಯಾರಿಗೂ ಗೊತ್ತಾಗಲಿಲ್ಲ. ಎಪ್ಪತ್ತರ ದಶಕದ ಕೊನೆಗೆ ನಾನು ಕೊಟ್ಟೂರಿನ ಹತ್ತಿ ಗಿರಣಿಗೆ ಫಿಟ್ಟರ್ ಆಗಿ ಸೇರಿದಾಗ ನಲವತ್ತು ಆಳಿಗೆ ಅವರೇ ಹಿರಿಯರು. ದಿನಕ್ಕೆ ನಲವತ್ತು ಮಾತು ಆಡಿದರೆ ಹೆಚ್ಚು. ನಾನೋ ಬಾಯಿಬಡುಕ. ಈ ಮೂಗಬಸವನ ಕೈಯಲ್ಲಿ ಗಿರಣಿ ನಡೆದಂಗೇ ಎಂದು ಚಾದಂಗಡಿಯಲ್ಲಿ ಹಲ್ಲು ಕಿಸಿದವನೂ ನಾನೇ.

ಬೆಳಿಗ್ಗೆ ಇಂಜಿನ್ ಶುರುವಾಗುವ ಮುಂಚೆ ಅವರು ಒಬ್ಬೊಬ್ಬರ ಬಳಿಯೂ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ನಾವು ಏನಾದರೂ ಹೇಳುವತನಕ ಕದಲುತ್ತಿರಲಿಲ್ಲ. ಬೆಲ್ಟು ಸಡಿಲಾಗಿದೆ ಎಂದೋ, ಮಗಳಿಗೆ ಜ್ವರ ಎಂದೋ ಜನ ತಾವಾಗಿಯೇ ಬಾಯಿ ಬಿಡುತ್ತಿದ್ದರು. ಮೇಸ್ತ್ರಿ ಹೂಂ ಅಂದು ಮುಂದಕ್ಕೆ ಹೋಗುವರು. ಮಧ್ಯಾಹ್ನದೊಳಗೆ ಬೆಲ್ಟು ಬಿಗಿಯಾಗಿರುತ್ತಿತ್ತು, ಜ್ವರದ ಮಗಳ ತಾಯಿ ಮನೆ ಸೇರಿರುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಗೇಟಿನ ಹೊರಗೆ ಹತ್ತಿ ಗಾಡಿಗಳು ಸಾಲುಗಟ್ಟಿದ್ದವು. ಹತ್ತಿ ಆರಿಸುವ ಗುಡೇಕೋಟೆಯ ಮುದುಕಿಯೊಬ್ಬಳು ಮೂರನೇ ಮಷೀನಿನ ಸದ್ದು ಬೇರೆಯಾಗಿದೆ ಅಂದಳು. ನಾನು ನಕ್ಕೆ. ಬೆಳಿಗ್ಗೆ ಎಣ್ಣೆ ಬಿಟ್ಟಿದ್ದೀಯಾ ಎಂದು ಮೇಸ್ತ್ರಿ ನನ್ನನ್ನು ಕೇಳಿದರು. ಬಿಟ್ಟೀನ್ರಿ ಅಂದೆ. ಬಿಟ್ಟಿರಲಿಲ್ಲ. ಎರಡನೆಯದು ಮುಗಿಸಿ ಹರಟೆಗೆ ನಿಂತವನು ಮರೆತೇಬಿಟ್ಟಿದ್ದೆ.

ಅವರು ಮುದುಕಿಯ ಕಡೆ ತಿರುಗಿದರು. "ಹೆಂಗ ಬರ್ತೈತವ್ವ ಸದ್ದು?"

"ಹಲ್ಲು ಕಡದಂಗ ಬರ್ತೈತ್ರಿ."

ಮೇಸ್ತ್ರಿ ಹೋಗಿ ಇಂಜಿನ್ನೇ ನಿಲ್ಲಿಸಿಬಿಟ್ಟರು. ಗಿರಣಿಯ ಸಾವ್ಕಾರರು ಓಡಿ ಬಂದರು. ಮುದುಕಿ ಮಾತು ಕೇಳಿ ಸುಗ್ಗಿಯಲ್ಲಿ ಗಿರಣಿ ನಿಲ್ಲಿಸುತ್ತೀಯಾ, ಒಳಗೆ ಏನೂ ಇಲ್ಲದಿದ್ದರೆ ನಾಳೆಯಿಂದ ಬರಬೇಡ ಎಂದು ಎಲ್ಲರೆದುರು ಕೂಗಾಡಿದರು. ಮೇಸ್ತ್ರಿ ನಟ್ಟು ತಿರುಗಿಸುವ ಪಾನಾ ಹಿಡಿದು ಮಷೀನಿನ ಬುಡದಲ್ಲಿ ಕೂತರು. ಬಿಚ್ಚಿ ನೋಡಿದರೆ ಬೇರಿಂಗು ಒಣಗಿ ಕೆಂಡದ ಹಾಗೆ ಕಾದಿತ್ತು. ಸುತ್ತ ಅಂಟಿದ್ದ ಹತ್ತಿ ಆಗಲೇ ಕಂದುಬಣ್ಣಕ್ಕೆ ತಿರುಗಿತ್ತು. ಅಲ್ಲೇ ಪಕ್ಕದ ಹತ್ತಿ ರಾಶಿಗಳ ನಡುವೆ ಹದಿನೈದು ಹೆಂಗಸರು ಕೂತಿದ್ದರು. ಇನ್ನೊಂದು ಗಳಿಗೆ ತಡವಾಗಿದ್ದರೆ ಬೆಂಕಿ ಹತ್ತುತ್ತಿತ್ತು.

ಮೇಸ್ತ್ರಿ ನನ್ನ ಮುಖ ನೋಡಿದರು. ಎಣ್ಣೆ ಡಬ್ಬಿ ನನ್ನ ಕೈಗಿಟ್ಟು "ನೀನ ಹಾಕು" ಅಂದರು, ಅಷ್ಟೇ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆ. ಆಮೇಲೂ ಆ ವಿಷಯ ಅವರ ಬಾಯಲ್ಲಿ ಬರಲಿಲ್ಲ. ಸಾವ್ಕಾರರಿಗೆ ನನ್ನ ಸುಳ್ಳು ಗೊತ್ತೇ ಆಗಿಲ್ಲವೆಂದು ನಾನು ನಂಬಿಕೊಂಡಿದ್ದೆ.

ಏಳೆಂಟು ವರ್ಷಕ್ಕೆ ಮೇಸ್ತ್ರಿ ತೀರಿಕೊಂಡರು. ಮಣ್ಣು ಕೊಟ್ಟು ಹೊರಬರುವಾಗ ಸಾವ್ಕಾರರು, ಇನ್ನು ಮೇಸ್ತ್ರಿಕೆ ನೀನೇ ನೋಡಿಕೋ ಅಂದರು. ನನಗೆ ತಡೆಯಲಾಗಲಿಲ್ಲ. ಅವತ್ತು ಎಣ್ಣೆ ಬಿಡದೆ ಸುಳ್ಳು ಹೇಳಿದ್ದೆ, ಈ ಕೆಲಸಕ್ಕೆ ನಾನು ಯೋಗ್ಯನಲ್ಲ ಎಂದು ಒಪ್ಪಿಕೊಂಡೆ.

"ಗೊತ್ತೈತಿ ಬಿಡು," ಅಂದರು ಸಾವ್ಕಾರರು. "ಅವತ್ತ ಸಂಜೀಕ ಮೇಸ್ತ್ರಿ ತಾನ ಬಂದು ಹೇಳಿದ್ದ. ನಿನ್ನ ತೆಗದ ಬಿಡ್ತೀನಿ ಅಂದೆ. 'ತೆಗದ್ರ ನನ್ನೂ ತೆಗೀರಿ. ಆ ಹುಡುಗ ಇನ್ಮ್ಯಾಲೆ ಯಾವತ್ತೂ ಮರಿಯಂಗಿಲ್ಲ, ನನ್ನ ಜಾಗಾಕ್ಕ ಅವನ ಸರಿ' ಅಂದ. ಇಷ್ಟು ವರ್ಷದಾಗ ಅವ ನನ್ನ ಕೂಡ ಆಡಿದ ಉದ್ದನ್ನ ಮಾತು ಅಂದ್ರ ಅದೊಂದ."

ಮಣ್ಣು ಮೆತ್ತಿದ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತೆ.