ಅಡುಗೆಮನೆಯ ಟ್ಯೂಬ್‌ಲೈಟಿನ ಚೋಕು

ಹಬೀಬಾ ಅವರೇ, ಮುನಿಶಾಮಪ್ಪನವರ ತಾಯಿ ಬಿದ್ದದ್ದಕ್ಕೆ ನಿಮ್ಮ ಹೊಲಿಗೆ ಮಿಷನ್ನಿನ ಮೋಟಾರು ಕಾರಣವಲ್ಲ. ಕಾರಣ ನಾನು. ಅದು ನನಗೆ ಅವತ್ತೇ ಗೊತ್ತಿತ್ತು — ಗೊತ್ತಿದ್ದೇ ನಿಮ್ಮ ಕಡೆ ಬೆರಳು ತೋರಿಸಿದೆ.

ಇಷ್ಟು ಹೇಳುವುದಕ್ಕೆ ಆರು ವರ್ಷ ಬೇಕಾಯಿತು. ಏಳನೆಯ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಓದಿದ್ದೇನೆ ಎಂದು ನೀವೊಮ್ಮೆ ಹೇಳಿದ್ದು ನೆನಪಿದೆ, ಅದಕ್ಕೇ ಬರೆದೇ ತಿಳಿಸುತ್ತಿದ್ದೇನೆ. ಎದುರಿಗೆ ನಿಂತರೆ ನನ್ನ ಬಾಯಿ ಏನು ಮಾಡುತ್ತದೆಂದು ನನಗೆ ಚೆನ್ನಾಗಿ ಗೊತ್ತು. ಓದುವಾಗ ಎಲ್ಲಾದರೂ ನಾನು ನನ್ನ ಪರ ವಾದಿಸುತ್ತಿದ್ದೇನೆ ಅನ್ನಿಸಿದರೆ ಆ ಸಾಲನ್ನು ನಂಬಬೇಡಿ.

ಹಲಸೂರಿನಲ್ಲಿ ನನ್ನದು ರೇಡಿಯೋ, ಟೀವಿ ರಿಪೇರಿ ಅಂಗಡಿ. ರೇಡಿಯೋ ತರುವವರು ಕಡಿಮೆಯಾದ ಮೇಲೆ ಟ್ಯೂಬ್‌ಲೈಟಿನ ಎಲೆಕ್ಟ್ರಾನಿಕ್ ಚೋಕುಗಳನ್ನು ನಾನೇ ಜೋಡಿಸಿ ಮಾರತೊಡಗಿದೆ. ಹಳೆಯ ತಾಮ್ರದ ಚೋಕು ಹಾಕಿದ ದೀಪ ಕಣ್ಣು ಮಿಟುಕಿಸಿ ಮಿಟುಕಿಸಿ ಹತ್ತುತ್ತದೆ; ನನ್ನದು ಸ್ವಿಚ್ ಒತ್ತಿದ ಕೂಡಲೇ ಬೆಳಗುತ್ತಿತ್ತು. ಜನ ಹೊಗಳಿದರು, ನಾನೂ ಉಬ್ಬಿದೆ. ಒಂದು ವಿಷಯ ಮಾತ್ರ ಯಾರಿಗೂ ಹೇಳಲಿಲ್ಲ. ಆ ಚೋಕಿನೊಳಗೆ ವಿದ್ಯುತ್ತಿನ ಗದ್ದಲ ಹೊರಗೆ ಹರಿಯದಂತೆ ತಡೆಯುವ ಒಂದು ಸಣ್ಣ ಕಾಯಿಲ್ ಇರಬೇಕು. ಅದಿಲ್ಲದಿದ್ದರೂ ದೀಪ ಉರಿಯುತ್ತದೆ, ಆದರೆ ಹತ್ತಿರದ ರೇಡಿಯೋ, ಕಾರ್ಡ್‌ಲೆಸ್ ಫೋನು ಎಲ್ಲಾ ಗೊರಗುಟ್ಟುತ್ತವೆ. ಕಾಯಿಲ್ ಸುತ್ತುವುದು ತಲೆನೋವಿನ ಕೆಲಸ, ನಾನು ಸುತ್ತುತ್ತಿರಲಿಲ್ಲ. ದೀಪ ಉರಿಯುತ್ತಲ್ಲ, ಸಾಕು ಅಂದುಕೊಂಡೆ.

ತಮಾಷೆಯೆಂದರೆ, ಗೊರಗುಟ್ಟುವ ಫೋನುಗಳಿಗೆ ಕಾರಣ ಹುಡುಕಿಕೊಡಿ ಎಂದು ಜನ ನನ್ನನ್ನೇ ಕರೆಯುತ್ತಿದ್ದರು. ಕೈಯಲ್ಲೊಂದು ಸಣ್ಣ ಟ್ರಾನ್ಸಿಸ್ಟರ್, ಅದರ ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ತಂದು ಮನೆಯೆಲ್ಲ ಓಡಾಡುವುದು. ಎಲ್ಲಿ ಸದ್ದು ಜೋರಾಗುತ್ತದೋ ಅಲ್ಲಿ ಕಳ್ಳ. ಆಮೇಲೆ ಒಂದೊಂದೇ ಮೇನ್ ಸ್ವಿಚ್ ಇಳಿಸಿ ಖಚಿತ ಮಾಡಿಕೊಳ್ಳುವುದು. ಇಂದಿರಾನಗರದ ದೊಡ್ಡ ಬಂಗಲೆಗಳಿಂದಲೂ ಕರೆ ಬರುತ್ತಿತ್ತು.

ರಾಮಮೂರ್ತಿ ನಗರಕ್ಕೆ ಮುನಿಶಾಮಪ್ಪನವರು ಕರೆಸಿದ್ದೂ ಇದಕ್ಕೇ. ಅವರ ಮನೆ, ಅದಕ್ಕೆ ಅಂಟಿಕೊಂಡ ನಾಲ್ಕು ಬಾಡಿಗೆ ಮನೆ, ಅದರಲ್ಲಿ ಮೊದಲನೆಯದು ನಿಮ್ಮದು. ಲಕ್ವ ಹೊಡೆದು ಮಾತು ನಿಂತಿದ್ದ ಅವರ ತಾಯಿಯ ಹಾಸಿಗೆಯ ಮೇಲೆ ಒಂದು ವೈರ್‌ಲೆಸ್ ಬೆಲ್ಲಿನ ಗುಂಡಿ ಇಟ್ಟಿದ್ದರು, ಅದನ್ನು ಒತ್ತಿದರೆ ಸದ್ದು ಮಾಡುವ ಡಬ್ಬಿ ಅಡುಗೆಮನೆಯಲ್ಲಿ. ಕೂಗಲಾರದ ಆ ಅಜ್ಜಿಗೆ ಆ ಗುಂಡಿಯೇ ದನಿ. ಒಂದು ಬೆಳಿಗ್ಗೆ ಸೊಸೆ ರತ್ನಮ್ಮ ಅಡುಗೆಮನೆಯಲ್ಲೇ ಇದ್ದಾರೆ, ಅಜ್ಜಿ ಒತ್ತಿದ್ದಾರೆ, ಒತ್ತಿದ್ದಾರೆ — ಬೆಲ್ಲು ಹೊಡೆಯಲಿಲ್ಲ. ಕೊನೆಗೆ ತಾವೇ ಏಳಲು ಹೋಗಿ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆಯಿಂದ ಬಂದ ಮೇಲೂ ಗುಂಡಿಯನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು.

"ಬೆಲ್ಲು ಒಂದೊಂದ್ಸಲ ಹೊಡೀತೈತೆ, ಒಂದೊಂದ್ಸಲ ಇಲ್ಲ. ಯಾವ್ದರಿಂದ ಹಿಂಗಾಗ್ತೈತೆ ಅಂತ ಕಂಡ್ಹಿಡಿದು ಕೊಡಪ್ಪ. ಇನ್ನೊಂದ್ಸಲ ಆಗ್ಬಾರ್ದು," ಎಂದರು ಮುನಿಶಾಮಪ್ಪ.

ಬಾಡಿಗೆ ಮನೆಗಳಿಂದ ಶುರುಮಾಡಿದೆ. ಯಜಮಾನರ ಮನೆಯನ್ನು ಮೊದಲು ಶೋಧಿಸುವುದು ಮರ್ಯಾದೆಯಲ್ಲ ನೋಡಿ. ನಿಮ್ಮ ಮಿಷನ್ ಓಡುವಾಗ ಟ್ರಾನ್ಸಿಸ್ಟರ್ ಚಟಪಟ ಎಂದದ್ದು ನಿಜ. ನೀವೇ ಎದ್ದು ಕುಂಟುತ್ತಾ ಹೋಗಿ ಪ್ಲಗ್ ಕಿತ್ತಿರಿ. ಚಟಪಟ ನಿಂತಿತು, ಅದರಡಿಯ ಗೊರಗೊರ ನಿಲ್ಲಲಿಲ್ಲ. ನೀವೂ ಕೇಳಿಸಿಕೊಂಡಿರಿ.

ಅಜ್ಜಿಯ ಕೈಯಿಂದ ಗುಂಡಿ ಕೇಳಿ ತೆಗೆದುಕೊಂಡು ಅಡುಗೆಮನೆಗೆ ಹೋದೆ. ಹಗಲಲ್ಲೂ ಕತ್ತಲೆಯ ಕೋಣೆ ಅದು, ಒಲೆ ಹಚ್ಚಬೇಕಾದರೆ ಟ್ಯೂಬ್‌ಲೈಟ್ ಬೇಕೇ ಬೇಕು. ದೀಪದ ಕೆಳಗೆ ಬರುತ್ತಿದ್ದಂತೆ ಟ್ರಾನ್ಸಿಸ್ಟರ್ ಹೋ ಎಂದು ಅರಚಿತು. ತಲೆಯೆತ್ತಿ ನೋಡಿದೆ — ನನ್ನ ಚೋಕು. ಹಿಂದಿನ ವರ್ಷ ನಾನೇ ತಿರುಪು ಬಿಗಿದದ್ದು. ದೀಪ ಆರಿಸಿ ಗುಂಡಿ ಒತ್ತಿದೆ, ಬೆಲ್ಲು ಹೊಡೆಯಿತು. ಹಾಕಿ ಒತ್ತಿದೆ, ಇಲ್ಲ. ಅಂದರೆ ಸೊಸೆ ಅಡುಗೆಮನೆಯಲ್ಲಿ ಇದ್ದಾಗಲೇ ಅಜ್ಜಿಯ ಕರೆ ಸತ್ತುಹೋಗುತ್ತಿತ್ತು. ಅಷ್ಟು ದಿನವೂ...

ಹೊರಗಿನಿಂದ ಮುನಿಶಾಮಪ್ಪ ಕೇಳಿದರು, "ಸಿಕ್ತಾ?"

"ಸಿಕ್ತಣ್ಣ. ಪಕ್ಕದ್ಮನೆ ಮಿಷನ್ ಮೋಟಾರು."

ಯೋಚಿಸಿ ಹೇಳಿದ್ದಲ್ಲ ಎನ್ನಬಹುದಿತ್ತು — ಆದರೆ ಯೋಚಿಸಿದ್ದೆ. ಆ ಸಾಲಿನಲ್ಲಿ ನಿಮ್ಮದೊಂದೇ ಮುಸ್ಲಿಮರ ಮನೆ. ಬೇರೆ ಯಾರದ್ದೋ ಮಿಕ್ಸಿ ಎಂದಿದ್ದರೆ ಮುನಿಶಾಮಪ್ಪ "ಇನ್ನೊಂದ್ಸಲ ನೋಡಪ್ಪ" ಅನ್ನುತ್ತಿದ್ದರು. ನಿಮ್ಮ ಹೆಸರಿಗೆ ಅನ್ನಲಿಲ್ಲ. ಅನ್ನುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಇದನ್ನು ಬರೆಯುವಾಗ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ನೀವು ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಿರಿ: "ಸಾರ್, ಸರಿಯಾಗಿ ನೋಡಿದ್ರಾ? ಪ್ಲಗ್ ತೆಗೆದ್ಮೇಲೂ ನಿಮ್ ರೇಡಿಯೋ ಗೊರ್ ಅಂತಾನೇ ಇತ್ತಲ್ಲ?"

"ಅದು ಗೋಡೆ ವೈರಲ್ಲಿ ಸ್ವಲ್ಪ ಹೊತ್ತು ಉಳ್ಕೊಳುತ್ತೆ ಕಣಮ್ಮ," ಎಂದೆ. ಉಳಿಯುವುದಿಲ್ಲ, ಹಬೀಬಾ ಅವರೇ. ಎಲ್ಲಿಯೂ ಉಳಿಯುವುದಿಲ್ಲ. ನೀವು ಕೇಳಿದ್ದು ಸರಿಯಾಗಿತ್ತು, ನಾನು ಮೇಷ್ಟರ ದನಿಯಲ್ಲಿ ಸುಳ್ಳು ಹೇಳಿದೆ.

ಮಾರನೆಯ ದಿನ ಹಳೆಯ ತಾಮ್ರದ ಚೋಕೊಂದನ್ನು ಜೇಬಿಗೆ ಹಾಕಿಕೊಂಡು ಬಂದೆ. ದೀಪ ಸ್ವಲ್ಪ ಅದುರುತ್ತಿದೆ, ಬದಲಾಯಿಸುತ್ತೇನೆ ಎಂದು ರತ್ನಮ್ಮನಿಗೆ ಹೇಳಿ ಸ್ಟೂಲು ಹತ್ತಿದೆ. ಆಗ ನೀವು ಬಂದಿರಿ. ಪಕ್ಕದ ಕೋಣೆಯಲ್ಲಿ ಅಜ್ಜಿಯ ಕಾಲು ಮುಟ್ಟಿ, "ಅಜ್ಜಿ, ನಂಗೆ ಗೊತ್ತಿರ್ಲಿಲ್ಲ. ಮಾಫ್ ಮಾಡ್ಬಿಡಿ," ಎಂದು ಅತ್ತಿರಿ. ತೆರೆದ ಬಾಗಿಲಿನಲ್ಲಿ ಎಲ್ಲವೂ ಕಾಣುತ್ತಿತ್ತು. ಅಪರಾಧಿ ಚೋಕು ನನ್ನ ಎಡಗೈಯಲ್ಲೇ ಇತ್ತು, ಇನ್ನೂ ಬೆಚ್ಚಗಿತ್ತು. ಒಂದು ಮಾತು ಸಾಕಾಗಿತ್ತು. ನಾನು — ತಿರುಪು ಬಿಗಿದೆ.

ಮುನಿಶಾಮಪ್ಪ ನಿಮ್ಮ ಮೋಟಾರು ತೆಗೆಸಿದ ದಿನದಿಂದ ಬೆಲ್ಲು ಒಮ್ಮೆಯೂ ತಪ್ಪಲಿಲ್ಲ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ನನ್ನ ಸುಳ್ಳನ್ನು ನಾನೇ ರಿಪೇರಿ ಮಾಡಿ ನಿಜವಾಗಿಸಿದ್ದೆ. ಆಮೇಲಿನದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪೋಲಿಯೋ ತಾಗಿದ ಕಾಲಿನಿಂದ ಮಿಷನ್ ತುಳಿಯಲಾಗದೆ ರಂಜಾನಿನ ಬಟ್ಟೆಗಳು ಅರ್ಧಕ್ಕೆ ನಿಂತವು, ಶಿವಾಜಿನಗರದ ಅಂಗಡಿಯವರು ಹೊಲಿಗೆ ಕೊಡುವುದನ್ನೇ ಬಿಟ್ಟರು. ಅಮ್ಮನನ್ನು ನೋಡಿದರೆ ಹೊಟ್ಟೆ ಉರಿಯುತ್ತೆ ಎಂದು ಮುನಿಶಾಮಪ್ಪ ನಿಮ್ಮಿಂದ ಮನೆ ಖಾಲಿ ಮಾಡಿಸಿದರು. ನಾನು ಆ ಬೀದಿಗೆ ಹೋಗುವುದನ್ನು ಬಿಟ್ಟೆ. ಅಷ್ಟೇ ನನಗಾದ ನಷ್ಟ.

ಕಳೆದ ತಿಂಗಳು ಕೆ.ಆರ್. ಪುರದ ಬಸ್ ಸ್ಟಾಪಿನಲ್ಲಿ ನನ್ನನ್ನು ಗುರುತು ಹಿಡಿದು ಮಾತಾಡಿಸಿದ್ದು ನೀವೇ. ಅಣ್ಣನ ಮನೆಯಲ್ಲಿದ್ದೇನೆ, ಬಟ್ಟೆಗಳಿಗೆ ಕಾಜಾ, ಗುಂಡಿ ಹಾಕುವ ಕೈಕೆಲಸ ಮಾಡುತ್ತೇನೆ, ಮೋಟಾರು ಮತ್ತೆ ಹಾಕಿಸಲಿಲ್ಲ ಎಂದಿರಿ. ಅಜ್ಜಿ ತೀರಿಕೊಂಡರಂತೆ ಎಂದು ನಾನು ಹೇಳಿದಾಗ ನಿಮ್ಮ ಮುಖ ಬಾಡಿತು. "ದಿನಾ ಅವರಿಗೋಸ್ಕರ ದುವಾ ಕೇಳ್ತೀನಿ ಸಾರ್. ಅವತ್ತು ನಾನು ಮಿಷನ್ ಹಾಕ್ದೇ ಇದ್ದಿದ್ರೆ..." ಎಂದು ನಿಲ್ಲಿಸಿದಿರಿ. ಅಷ್ಟರಲ್ಲಿ ಬಂದ ಬಸ್ಸನ್ನು ಹತ್ತಿಬಿಟ್ಟೆ. ಅದು ನನ್ನ ಬಸ್ಸಾಗಿರಲಿಲ್ಲ.

ನಿನ್ನೆ ಮುನಿಶಾಮಪ್ಪನವರ ಬಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಹೊಡೆಯಲೂಬಹುದು ಎಂದುಕೊಂಡಿದ್ದೆ. ಕಾಫಿ ಲೋಟವನ್ನು ನನ್ನ ಮುಂದೆ ಸರಿಸಿ, "ಹೋಗ್ಲಿ ಬಿಡಪ್ಪ, ಗೊತ್ತಿಲ್ದೆ ಆಗಿದ್ದು. ಅಮ್ಮನೂ ಈಗಿಲ್ಲ," ಎಂದರು.

"ಗೊತ್ತಿದ್ದೇ ಹೇಳಿದ್ದಣ್ಣ. ಆ ಹೆಂಗಸು ಮನೆ ಬಿಟ್ಟಿದ್ದು ನನ್ನಿಂದ."

"ಅವ್ರು ಎಲ್ಲೋ ಬದುಕ್ಕೊಂಡಿರ್ತಾರೆ. ನೀನು ಕಾಫಿ ಕುಡಿ, ಆರೋಗುತ್ತೆ."

ನಿಮ್ಮನ್ನು ಒಂದು ಮಾತೂ ಕೇಳದೆ ಹೊರಗೆ ಕಳಿಸಿದ ಆ ಮನೆಯಲ್ಲಿ ನನಗೆ, ಲೋಟದ ಕಾಫಿ ಆರುವುದರೊಳಗೆ ಕ್ಷಮೆ ಸಿಕ್ಕಿತು. ಬೇಡ ಎನ್ನಬೇಕಿತ್ತು. ಕುಡಿದೆ.

ಭಾನುವಾರ ನಿಮ್ಮ ಅಣ್ಣನ ಮನೆ ಹುಡುಕಿಕೊಂಡು ಬರುತ್ತೇನೆ. ಈ ಕಾಗದ ನಿಮ್ಮ ಕೈಗೆ ಕೊಟ್ಟು, ಓದಿ ಮುಗಿಸುವವರೆಗೆ ಬಾಗಿಲಾಚೆ ನಿಂತಿರುತ್ತೇನೆ. ದಯವಿಟ್ಟು ಒಳಗೆ ಕರೆಯಬೇಡಿ.