ಗ್ರಿಸೆಲ್ದಾಳ ಕಿವಿಯೊಳಗಿನ ಬಟಾಣಿ

ಗಂಡ ಸಾಯುತ್ತಿದ್ದ. ಗ್ರಿಸೆಲ್ದಾ ಒಕರಾನ್ಸಾ ಅವನ ಹಣೆ ನೇವರಿಸಿ, ಕಣ್ತುಂಬ ನೀರು ತಂದುಕೊಂಡು, ನಡುಗುವ ದನಿಯಲ್ಲಿ ಹೇಳಿದಳು: "ಮೂರು ಟಾಕೋ. ಈರುಳ್ಳಿ ಹಾಕ್ಬೇಡಿ."

ಸಾಯುವವನು ಎದ್ದು ಕೂತು ನಕ್ಕ. ಆ ದಿನದ ಚಿತ್ರೀಕರಣ ಅಲ್ಲಿಗೇ ಸತ್ತಿತು.

ಮೆಕ್ಸಿಕೋ ನಗರದ ನಮ್ಮ ಧಾರಾವಾಹಿಗಳಲ್ಲಿ ಯಾರೂ ಮಾತು ಬಾಯಿಪಾಠ ಮಾಡುವುದಿಲ್ಲ, ಅದಕ್ಕೆ ಪುರುಸೊತ್ತೂ ಇರುವುದಿಲ್ಲ. ನಟರ ಕಿವಿಯೊಳಗೆ ಬಟಾಣಿಯಷ್ಟು ಯಂತ್ರ ಕೂರಿಸುತ್ತಾರೆ. ಗಾಜಿನ ಕೋಣೆಯಲ್ಲಿ ಕೂತ ಪ್ರಾಂಪ್ಟರ್ ಒಂದೊಂದೇ ಸಾಲು ಓದುತ್ತಾರೆ. ನಟರು ಅದನ್ನೇ ಅತ್ತೋ ಅರಚಿಯೋ ಒಪ್ಪಿಸುತ್ತಾರೆ. ನೋಡುವವರ ಕಿವಿಗೆ ಹೂವು, ಆಡುವವರ ಕಿವಿಗೆ ಬಟಾಣಿ. ಆ ಮಧ್ಯಾಹ್ನ ಪ್ರಾಂಪ್ಟರ್ ದೋನ್ ಎವಾರಿಸ್ತೋ ಮೈಕು ಮುಚ್ಚದೆ ಊಟ ತರಿಸಲು ಹೇಳಿದ್ದರು, ಅಷ್ಟೆ.

ಎಲ್ಲರೊಡನೆ ಅವಳೂ ನಕ್ಕಳು. ಮನೆಗೆ ಬಂದ ಮೇಲೆ ವಿಷಯ ಹೊಳೆಯಿತು. ಆ ಮಾತು ಆಡುವಾಗ ಅವಳಿಗೆ ತಾನೇನು ಆಡುತ್ತಿದ್ದೇನೆ ಎಂಬುದೇ ಗೊತ್ತಿರಲಿಲ್ಲ. ಕಿವಿಯಿಂದ ಬಾಯಿಗೆ ನೇರ ಬಸ್ಸು. ನಡುವೆ ತಲೆ ಎಂಬ ನಿಲ್ದಾಣದಲ್ಲಿ ನಿಲ್ಲುವುದನ್ನೇ ಬಿಟ್ಟಿತ್ತು. ಪರೀಕ್ಷೆಗೆಂದು ತನ್ನ ಮೊದಲ ಹಾಡು ಗುನುಗಿದಳು. ವೆರಾಕ್ರೂಸ್ ಬಂದರಿನ ಮೀನುಗಾರ್ತಿಯ ಮಗಳನ್ನು ಮನೆಮನೆಯ ರೇಡಿಯೋಕ್ಕೆ ತಲುಪಿಸಿದ ಹಾಡು, ದೇಶದ ಅರ್ಧ ಹುಡುಗಿಯರು ಅವಳಂತೆ ಕೂದಲು ಕತ್ತರಿಸಿಕೊಳ್ಳುವಂತೆ ಮಾಡಿದ ಹಾಡು. ಮೂರನೆಯ ಸಾಲಿಗೆ ಬಂದರೆ ಕಾಲಿಡಲು ನೆಲವೇ ಇರಲಿಲ್ಲ, ಒಂದು ಪದವೂ ನೆನಪಾಗಲಿಲ್ಲ.

ಅಂದಿನಿಂದ ಹಾಡುವಾಗಲೂ ಬಟಾಣಿ ಬೇಕಾಯಿತು. ಗುಟ್ಟು ಅವಳಿಗೆ, ದೋನ್ ಎವಾರಿಸ್ತೋಗೆ ಮಾತ್ರ ಗೊತ್ತಿತ್ತು. ಅವರು ಶೀತವೆಂದರೆ ಇವಳಿಗೆ ಜ್ವರ. ಅವರು ಮೆಟ್ಟಿಲು ಹತ್ತುವಾಗ ಹಿಂದೆ ನಿಂತು ಕಾಯುತ್ತಿದ್ದಳು, ಜಾರಿದರೆ ಹಿಡಿಯಲು.

ಅವಳು ಹಾಡತೊಡಗಿ ಇಪ್ಪತ್ತೈದು ವರ್ಷವಾದಾಗ ದೊಡ್ಡ ಥಿಯೇಟರಿನಲ್ಲಿ ಅವಳ ಹಾಡಿನ ಕಛೇರಿ ನಿಗದಿಯಾಯಿತು. ಅವಳಿಗೆ ಮರೆವು ಶುರುವಾಗಿದೆ ಎಂಬ ಪಿಸುಮಾತು ಆಗಲೇ ಸ್ಟುಡಿಯೋ ಸುತ್ತುತ್ತಿತ್ತು. ಅಂದು ಒಂದು ಸಾಲು ತಪ್ಪಿದರೂ ಮುಂದೆ ಹಾಡೂ ಇಲ್ಲ, ಧಾರಾವಾಹಿಯಲ್ಲಿ ಅತ್ತೆಯ ಪಾತ್ರವೂ ಇಲ್ಲ. ಒಂದು ವಾರ ಅವಳಿಗೆ ಅನ್ನನೀರು ಸೇರಲಿಲ್ಲ.

ಪರದೆ ಏಳುವ ಮುನ್ನ ಮುದುಕರ ತೋಳು ಹಿಡಿದುಕೊಂಡಳು. "ನಿಮಗೆ ಕೆಮ್ಮು ಬಂದ್ರೆ ನಾನೂ ಕೆಮ್ಮಿಬಿಡ್ತೀನಿ, ದೋನ್ ಎವಾರಿಸ್ತೋ."

"ಕೆಮ್ಮು ಬಂದ್ರೆ ಮೈಕು ಮುಚ್ಚಿ ಕೆಮ್ಮಿದ್ರಾಯ್ತು, ಮಗಳೇ."

"ಆಮೇಲೆ ತೆಗೀತೀರಲ್ಲ?"

"ನೀನು ಹುಟ್ಟೋಕ್ಮುಂಚಿನಿಂದ ತೆಗೀತಾ ಇದೀನಿ. ಹೋಗು."

ಬೇರೆ ಹಾಡುಗಳೆಲ್ಲ ಸುಸೂತ್ರವಾಗಿ ಮುಗಿದವು. ಕೊನೆಗೆ ಆ ಮೊದಲ ಹಾಡು, ಬಂದರಿನ ಹಾಡು. ಎರಡು ಸಾಲು ಬಂದವು. ಮೂರನೆಯದಕ್ಕೆ ಕಿವಿಯಲ್ಲಿ ಏನೂ ಇಲ್ಲ. ಉಸಿರೂ ಇಲ್ಲ. ಮುದುಕರು ಅಲ್ಲೇ ಕುಸಿದರೇನೋ ಎಂದುಕೊಂಡಳು. ವಾದ್ಯದವರು ಅದೇ ರಾಗವನ್ನು ಸುತ್ತಿಸಿದರು, ಮತ್ತೆ ಸುತ್ತಿಸಿದರು. ಪ್ರೇಕ್ಷಕರ ಮುಂದಿನ ಸಾಲಿನಲ್ಲಿ ಯಾರೋ ಕುರ್ಚಿ ಕಿರುಗುಟ್ಟಿಸಿದರು. ಗ್ರಿಸೆಲ್ದಾ ಕಣ್ಣು ಮುಚ್ಚಿ, ತುಟಿ ಕಚ್ಚಿ, ಮೈಕನ್ನು ತೋಳುದ್ದಕ್ಕೆ ಜನರ ಕಡೆ ಚಾಚಿದಳು.

ಜನ ಹಾಡಿದರು. ಇಡೀ ಥಿಯೇಟರು ಎದ್ದು ನಿಂತು, ಅಳುತ್ತ, ಹಾಡಿನ ಕೊನೆಯವರೆಗೂ ಹಾಡಿತು.

ಪರದೆ ಬಿದ್ದದ್ದೇ ಅವಳು ಪ್ರಾಂಪ್ಟರ್ ಕೋಣೆಗೆ ಓಡಿದಳು. ದೋನ್ ಎವಾರಿಸ್ತೋ ಗಟ್ಟಿಮುಟ್ಟಾಗಿ ಕೂತಿದ್ದರು. ಕೆಮ್ಮಿಗೆಂದು ಮುಚ್ಚಿದ ಮೈಕು ಮುಚ್ಚಿಯೇ ಇತ್ತು. ಅದರೊಳಕ್ಕೇ ಇಡೀ ಹಾಡು ಓದಿ ಮುಗಿಸಿದ್ದರು. "ಇವತ್ತು ಒಂದಕ್ಷರ ತಪ್ಪಲಿಲ್ಲ ನೋಡು," ಎಂದರು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಪತ್ರಿಕೆಯ ಹುಡುಗಿಯೊಬ್ಬಳು ಕಣ್ಣೊರೆಸಿಕೊಂಡು ಬಾಗಿಲಲ್ಲಿ ನಿಂತಳು. ಕಣ್ಣು ಮುಚ್ಚಿ ನಿಂತ ಆ ಗಳಿಗೆಯಲ್ಲಿ ಮೇಡಂಗೆ ಏನು ನೆನಪಾಯಿತು, ತಾಯಿಯೇ, ಊರೇ, ಬಂದರೇ ಎಂದು ಕೇಳಿದಳು.

ಗ್ರಿಸೆಲ್ದಾ ಕಿವಿಯಿಂದ ಬಟಾಣಿ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ಈರುಳ್ಳಿ ಹಾಕ್ಬೇಡಿ ಅನ್ನೋದೊಂದೇ ನೆನಪಾಗಿದ್ದು. ಎಲ್ಲಿ ಅದನ್ನೇ ಹಾಡಿಬಿಡ್ತೀನೋ ಅಂತ ಮೈಕನ್ನ ದೂರ ಹಿಡ್ದೆ."