ನಡುಮನೆಯ ಗೊಬ್ಬರದ ಗುಂಡಿ

ನಮ್ಮ ಮನೆಯಲ್ಲಿ ಫಿಲ್ಟರ್ ಎಂದರೆ ಒಂದೇ. ಹಿತ್ತಾಳೆಯದು, ಎರಡಂತಸ್ತಿನದು, ಅಪ್ಪನದು. ಬೆಳಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡವರೇ ಅಡುಗೆಮನೆಗೆ ನುಗ್ಗಿ, ಅದನ್ನು ಬಿಚ್ಚಿ, ಕುದಿಯುವ ನೀರು ಸುರಿದು, ತೆಂಗಿನ ನಾರಿನಿಂದ ತಿಕ್ಕಿ, ತಳದ ತೂತುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ಪರೀಕ್ಷಿಸುತ್ತಿದ್ದರು. ಬೆಳಗೋಡಿನ ಹತ್ತಿರ ನಮಗಿದ್ದ ಸಣ್ಣ ತೋಟದ ಕಾಫಿಯನ್ನು ಹುರಿದು ಪುಡಿ ಮಾಡಿಸುವುದು ಅಮ್ಮನ ಕೆಲಸ. ಡಿಕಾಕ್ಷನ್ ಮಾತ್ರ ಅಪ್ಪನ ಖಾತೆ. ಅದರಲ್ಲಿ ಯಾರೂ ತಲೆ ಹಾಕುವಂತಿರಲಿಲ್ಲ.

ನಾನು ಕಾಲೇಜಿನಲ್ಲಿದ್ದಾಗ ಅಪ್ಪನಿಗೆ ಹೊಟ್ಟೆಯಲ್ಲಿ ಹುಣ್ಣಾಯಿತು. ಸಕಲೇಶಪುರದ ಡಾಕ್ಟರು, “ಕಾಫಿ ಮುಟ್ಟಬೇಡಿ” ಎಂದರು. ಕುಡಿಯಬೇಡಿ ಎಂದು ಅವರ ಅರ್ಥ. ಅಮ್ಮ ಅದನ್ನು ಅಕ್ಷರಶಃ ತೆಗೆದುಕೊಂಡಳು. ಫಿಲ್ಟರ್ ಬೀರು ಸೇರಿತು, ಬೀಗದ ಕೈ ಅವಳ ಸೊಂಟ ಸೇರಿತು. ಪಾತ್ರೆಯಲ್ಲಿ ಪುಡಿ ಕುದಿಸಿ ಬಟ್ಟೆಯಲ್ಲಿ ಸೋಸಿ ಅವಳು ನಮಗೆ ಕೊಡುತ್ತಿದ್ದ ಪಾನೀಯದ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಪ್ಪ ಮಾತ್ರ ಪ್ರತಿ ಬೆಳಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒದ್ದೆಯೇ ಇಲ್ಲದ ಕೈಗಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು. ಅದನ್ನು ನೋಡಿದರೆ ನನಗೆ ಅಳು ಬರುತ್ತಿತ್ತು.

ಅದೇ ಸಮಯಕ್ಕೆ ಹಾಸನದ ಅತ್ತೆ ಮನೆ ಬದಲಿಸುತ್ತಿದ್ದರು. ತಮ್ಮ ಗಾಜಿನ ಮೀನಿನ ತೊಟ್ಟಿಯನ್ನು ಯಾರ ಕುತ್ತಿಗೆಗೆ ಕಟ್ಟಲಿ ಎಂದು ಕಾಯುತ್ತಿದ್ದರು. ಅಪ್ಪನಿಗೆ ಹೊತ್ತು ಹೋಗಲಿ ಎಂದು ನಾನೇ ಹೊತ್ತು ತಂದೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ತೊಡೆಯ ಮೇಲಿದ್ದ ಪ್ಲಾಸ್ಟಿಕ್ ಕವರನ್ನೂ, ಅದರೊಳಗಿನ ಕಿತ್ತಳೆ ಬಣ್ಣದ ಮೀನುಗಳನ್ನೂ ದಿಟ್ಟಿಸಿ, “ಇದ್ರಾಗೆ ಮುಳ್ಳು ಜಾಸ್ತಿನಾ?” ಎಂದಳು. ಸಾಕೋಕೆ ಎಂದೆ. “ಸಾಕಿದ್ ಮ್ಯಾಲೆ?” ಎಂದಳು. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಮರುದಿನವೇ ಇಡೀ ಊರಿಗೆ ನಾವು ಮೀನು ತಂದ ಸುದ್ದಿ ಗೊತ್ತಾಗಿತ್ತು.

ನಡುಮನೆಯಲ್ಲಿ ತೊಟ್ಟಿ ಇಟ್ಟು, ಬಾವಿಯ ನೀರು ತುಂಬಿ, ಮೂಲೆಯಲ್ಲಿ ಗುಳುಗುಳು ಎನ್ನುತ್ತಿದ್ದ ಡಬ್ಬಿಯನ್ನು ತೋರಿಸಿ, “ಅಪ್ಪ, ಇದು ಫಿಲ್ಟರ್” ಎಂದೆ.

ಅಪ್ಪನ ಮುಖ ಅರಳಿತು. “ಏನಂದೆ?”

“ಫಿಲ್ಟರ್. ನೀರು ಶುದ್ಧ ಮಾಡುತ್ತೆ.”

“ಅಂಗಾದ್ರೆ ಇದ್ನ ನಾನೇ ನೋಡ್ಕತೀನಿ ಬುಡು.”

ಮರುದಿನ ಬೆಳಗ್ಗೆ ಡಬ್ಬಿ ಬಿಚ್ಚಿ ಒಳಗಿನ ಸ್ಪಂಜನ್ನು ಕುದಿಯುವ ನೀರಿಗೆ ಹಾಕಿದರು. ನಾರಿನಿಂದ ತಿಕ್ಕಿದರು. ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಕಾಫಿ ಒಣಗಿಸುವ ಕಣದಲ್ಲಿ ಬಿಸಿಲಿಗಿಟ್ಟು, ಕಾಗೆ ಒಯ್ಯದಂತೆ ಕೋಲು ಹಿಡಿದು ಪಕ್ಕದಲ್ಲೇ ಕುಳಿತರು. ಇದು ದಿನಚರಿಯಾಯಿತು. ಅಪ್ಪನಿಗೆ ಮತ್ತೆ ಬೆಳಗಾಗತೊಡಗಿತು.

ಮೀನುಗಳು ಮಾತ್ರ ಒಂದೊಂದಾಗಿ ಸತ್ತವು. ಸತ್ತ ಮೀನಿಗೆ ಅಪ್ಪ ವಿಭೂತಿ ಹಚ್ಚಿ ಕಾಫಿ ಗಿಡದ ಬುಡದಲ್ಲಿ ಹೂಳುತ್ತಿದ್ದರು. ಕೊಳೆಯಿಂದಲೇ ಹೀಗಾಯಿತೆಂದು ಮರುದಿನ ಸ್ಪಂಜನ್ನು ಇನ್ನಷ್ಟು ಹೊತ್ತು ಕುದಿಸುತ್ತಿದ್ದರು.

ನಾನು ಹಾಸನದ ಸಾಕುವ ಮೀನಿನ ಅಂಗಡಿಗೆ ಫೋನ್ ಮಾಡಿದೆ. ಅಂಗಡಿಯವರು ಹೌಹಾರಿದರು. ಸ್ಪಂಜಿನ ಕೊಳೆಯಲ್ಲೇ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಮೀನಿನ ಹೊಲಸನ್ನು ಕರಗಿಸುವುದೇ ಅವು, ಕುದಿಸಿದರೆ ಎಲ್ಲ ಸಾಯುತ್ತವೆ, ಯಾವಾಗಲಾದರೊಮ್ಮೆ ತೊಟ್ಟಿಯ ನೀರಿನಲ್ಲೇ ಮೆಲ್ಲಗೆ ಹಿಂಡಿದರೆ ಸಾಕು ಎಂದರು. ನಾನು ಅದನ್ನು ಅಪ್ಪನಿಗೆ ಒಪ್ಪಿಸಿದೆ.

“ಜೀವಿಗಳಾ?” ಅಪ್ಪ ಎದ್ದು ನಿಂತರು. “ಫಿಲ್ಟರ್‌ನಾಗೆ?”

ಆ ದಿನ ಎರಡು ಸಲ ಕುದಿಸಿದರು.

ಕೊನೆಗೆ ಒಂದೇ ಮೀನು ಉಳಿಯಿತು. ದಪ್ಪನೆಯದು, ಅಪ್ಪ ಬಂದರೆ ಗಾಜಿಗೆ ಮೂತಿ ಒತ್ತುವಂಥದ್ದು. ಒಂದು ಬೆಳಗ್ಗೆ ಅದೂ ತಳ ಹಿಡಿದು ವಾಲಿಕೊಂಡಿತು. ಅಪ್ಪ ತೊಟ್ಟಿಯ ಮುಂದೆ ಕುಕ್ಕರಿಸಿ, “ಎಷ್ಟ್ ತೊಳೆದ್ರೂ ಸಾಯ್ತಾವಲ್ಲ ಮಾರಾಯ್ತಿ. ನನ್ ಕೈಲೇ ಏನೋ ದೋಷ ಐತೆ” ಎಂದರು. ಕೈಯಲ್ಲಿ ಬಿಸಿ ಸ್ಪಂಜು ಹಬೆಯಾಡುತ್ತಿತ್ತು. ನನಗೆ ಸಿಟ್ಟು, ನಗು, ಸಂಕಟ ಎಲ್ಲ ಒಟ್ಟಿಗೇ ಬಂದವು. ಆ ಸ್ಪಂಜನ್ನು ಕಿತ್ತುಕೊಂಡರೆ ಅಪ್ಪ ಮತ್ತೆ ಬಾಗಿಲಲ್ಲಿ ನಿಲ್ಲುತ್ತಾರೆ. ಕಿತ್ತುಕೊಳ್ಳದಿದ್ದರೆ ಮೀನು ಸಾಯುತ್ತದೆ.

ಅಷ್ಟರಲ್ಲಿ ಒಳಗಿಂದ ಅಮ್ಮ ಬಂದಳು. ಅಂಗಡಿಯವರ ಮಾತನ್ನು ನಾನು ಒಪ್ಪಿಸಿದ್ದಾಗ ಅವಳೂ ಕೇಳಿಸಿಕೊಂಡಿದ್ದಳು.

“ಅದು ಫಿಲ್ಟರ್ ಅಲ್ಲ ಕಣ್ರೀ.”

“ಮತ್ತೇನು?”

“ಗೊಬ್ಬರದ ಗುಂಡಿ. ಮೀನು ಮಾಡಿದ್ ಹೊಲ್ಸೆಲ್ಲ ಅದ್ರಾಗೆ ಕೊಳೀಬೇಕು. ಹುಟ್ಟಿದ್ ಮ್ಯಾಲೆ ಯಾವತ್ತಾರ ಗೊಬ್ಬರದ ಗುಂಡಿ ತೊಳ್ದಿದ್ದೀರಾ?”

ಅಪ್ಪ ಸ್ಪಂಜನ್ನು ನೋಡಿದರು, ಮೀನನ್ನು ನೋಡಿದರು, ಆಮೇಲೆ ನನ್ನನ್ನು ಕೆಕ್ಕರಿಸಿ ನೋಡಿದರು. “ಇದ್ನ ಮೊದ್ಲೇ ಹೇಳಕ್ ಏನಾಗಿತ್ತು ನಿಂಗೆ? ಕಾಲೇಜಿಗ್ ಬೇರೆ ಹೋಯ್ತೀಯ!”

ಅಂದಿನಿಂದ ಅಪ್ಪ ಸ್ಪಂಜಿನ ತಂಟೆಗೆ ಹೋಗಲಿಲ್ಲ. ದಿನವೂ ಅರ್ಧ ಬಕೆಟ್ ನೀರು ತೆಗೆದು ಬಾವಿಯ ಹೊಸ ನೀರು ಹಾಕಿದೆವು. ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆಗಟ್ಟಿತು, ಮೀನು ಮೆಲ್ಲಗೆ ಎದ್ದು ಈಜಿತು. ಮನೆಗೆ ಬಂದವರಿಗೆಲ್ಲ ಅಪ್ಪ ನಡುಮನೆಯ ಗೊಬ್ಬರದ ಗುಂಡಿಯನ್ನು ತೋರಿಸಿ, ಚೆನ್ನಾಗಿ ಕೊಳೆತಿದೆ ಎಂದು ಹೆಮ್ಮೆಪಟ್ಟರು. ಬಂದವರು ಕಾಫಿ ಬೇಡವೆಂದು ಎದ್ದು ಹೋಗುತ್ತಿದ್ದರು.

ಆದರೆ ಬೆಳಗ್ಗೆ ಅಪ್ಪ ಮತ್ತೆ ಆ ಬಾಗಿಲಿಗೆ ಬಂದು ನಿಂತರು. ಒಣಗಿದ ಕೈ, ಪಂಚೆ. ಅಮ್ಮ ಕೆಲವು ದಿನ ನೋಡಿಯೂ ನೋಡದಂತಿದ್ದಳು. ಒಂದು ದಿನ ಸೊಂಟದಿಂದ ಬೀಗದ ಕೈ ತೆಗೆದು, ಬೀರು ತೆರೆದು, ಹಿತ್ತಾಳೆಯ ಫಿಲ್ಟರನ್ನು ಅವರ ಎದೆಗೆ ತಿವಿದಳು. “ಡಾಕ್ಟರು ಕಾಫಿ ಮುಟ್ಟಬೇಡಿ ಅಂದವ್ರೆ. ಫಿಲ್ಟರ್ ಮುಟ್ಟಬೇಡಿ ಅಂದಿಲ್ಲ. ತೊಳೀರಿ.”

ಅಪ್ಪ ತೊಳೆದರು. ತೂತುಗಳನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅಮ್ಮನೇ ಪುಡಿ ಹಾಕಿದಳು, ಅಪ್ಪ ನೀರು ಸುರಿದರು. ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ನಿಜವಾದ ಕಾಫಿಯ ವಾಸನೆ ಹಬ್ಬಿತು. ನನಗೆ ಮತ್ತು ಅಮ್ಮನಿಗೆ ಲೋಟ ಕೊಟ್ಟು, ಅಪ್ಪ ಬರಿಗೈಯಲ್ಲಿ ಹೋಗಿ ತೊಟ್ಟಿಯ ಮುಂದೆ ಕುಳಿತರು. ಮೀನು ಗಾಜಿಗೆ ಮೂತಿ ಒತ್ತಿತು.

“ನಿಂಗೂ ಇಲ್ಲ, ನಂಗೂ ಇಲ್ಲ ಕಣೋ,” ಎಂದರು ಅಪ್ಪ. “ಬಾ, ಇವ್ರು ಕುಡಿಯೋದ್ನ ನೋಡಾನ.”